ಮ್ಯೂಸಿಯಂನಲ್ಲಿ ಹೆಣ್ಣು ತೋರಿಸಿದ್ದು

ಕಮಲಾಪುರದ ಅಣವೀರಪ್ಪ ತನ್ನ ಹಿರಿಮಗಳು ಶಿವಕಾಂತಮ್ಮನನ್ನು ಗಂಡಿನ ಕಡೆಯವರಿಗೆ ತೋರಿಸುತ್ತಿದ್ದದ್ದು ಕಲಬುರಗಿಯ ಮ್ಯೂಸಿಯಂನಲ್ಲಿ. ಊರಲ್ಲಿ ಸ್ವಂತ ಮನೆ ಇತ್ತು, ಮನೆಯ ಮುಂದೆ ಕಟ್ಟೆ ಇತ್ತು, ಬಂದವರಿಗೆ ಹಾಸಲು ಜಮಖಾನೆಯೂ ಇತ್ತು. ಆದರೂ ಹೆಣ್ಣು ನೋಡುವ ಮಾತು ಬಂದಾಗಲೆಲ್ಲ ಅಪ್ಪ ಮಗಳು ಹುಮನಾಬಾದ್ ಕಡೆಯಿಂದ ಬರುವ ಬಸ್ಸು ಹತ್ತಿ ಪಟ್ಟಣಕ್ಕೆ ಬರುತ್ತಿದ್ದರು. ಹುಡುಗಿ ದೊಡ್ಡವ್ವನ ಮನೆಯಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ, ಆ ಮನೆ ಬಹಳ ಚಿಕ್ಕದು, ಪಾರ್ಕಿನಲ್ಲಾದರೆ ಎಲ್ಲರಿಗೂ ಅನುಕೂಲ ಎಂದು ಕೇಳಿದವರಿಗೆ ಹೇಳುವುದು ರೂಢಿಯಾಗಿತ್ತು.

ನಿಜವಾದ ಕಾರಣ ಶಿವಕಾಂತಮ್ಮನ ಎಡಗೈ ಮೇಲಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಮೊಣಕೈ ಕೆಳಗೆ ಹುಣಸೆ ಬೀಜದಷ್ಟು ಬಿಳಿ ಕಲೆ ಕಾಣಿಸಿಕೊಂಡಿತ್ತು. ಅವ್ವ ಅದನ್ನು ಹುಳುಕಡ್ಡಿ ಅಂದುಕೊಂಡು ಬೇವಿನ ರಸ ಹಚ್ಚಿದಳು. ಕಲೆ ಬೆಳೆಯಿತು. ಆಮೇಲೆ ಯಾರೋ ಹೇಳಿದರೆಂದು ಬಾವಂಚಿ ಬೀಜ ಅರೆದು ಹಚ್ಚಿ, ಬಿಸಿಲಿನಲ್ಲಿ ಕೂರಿಸಿದರು. ಕೈ ಬೊಬ್ಬೆ ಎದ್ದು, ಬೊಬ್ಬೆ ಒಡೆದು, ವಾಸಿಯಾದ ಮೇಲೆ ನೋಡಿದರೆ ಬಿಳಿ ಇನ್ನೂ ಅಗಲವಾಗಿತ್ತು. ಇಪ್ಪತ್ತು ತುಂಬುವ ಹೊತ್ತಿಗೆ ಅದು ಮಣಿಕಟ್ಟಿನವರೆಗೆ ಇಳಿದಿತ್ತು. ತೊನ್ನು ಎಂಬ ಶಬ್ದವನ್ನು ಮಾತ್ರ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. "ಅದು" ಅನ್ನುತ್ತಿದ್ದರು. "ಅದು ಹ್ಯಾಂಗ ಅದ ಈಗ?" "ಅದಕ್ಕ ಔಷಧ ಹಚ್ಚೀಯೇನು?" ಶಿವಕಾಂತಮ್ಮನಿಗೆ ಮಣಿಕಟ್ಟಿನ ತನಕ ಬರುವ ತುಂಬು ತೋಳಿನ ಕುಪ್ಪಸ ಹೊಲಿಸಿದರು. ಬೇಸಿಗೆಯಲ್ಲಿ, ಬಾಳೆ ತೋಟದಲ್ಲಿ ನೀರು ಕಟ್ಟುವಾಗಲೂ ಅವಳು ಆ ತೋಳು ಮಡಚುವ ಹಾಗಿರಲಿಲ್ಲ. ಪಕ್ಕದ ತೋಟದವರಿಗೆ ಕಂಡೀತು.

ಮ್ಯೂಸಿಯಂ ಉಪಾಯ ದೊಡ್ಡವ್ವ ಭೀಮಬಾಯಿಯದು. ಅವಳು ಅವ್ವನ ಅಕ್ಕ, ಸೇಡಂ ರಸ್ತೆಯ ಕಡೆ ಬಾಡಿಗೆ ಮನೆಯಲ್ಲಿದ್ದಳು. ಸಂಬಂಧ ಕೂಡಿಸುವುದರಲ್ಲಿ ಹೆಸರಾದವಳು. ಅಲ್ಲಿಗೆ ಸಮೀಪದ ಒಂದು ಉದ್ಯಾನದಲ್ಲಿ ಹಳೆಯ ಕಾಲದ ಗುಮ್ಮಟದೊಳಗೆ ಆ ಮ್ಯೂಸಿಯಂ ಇತ್ತು. ಜಿಲ್ಲೆಯ ಹೊಲಗಳಲ್ಲಿ, ಬಾವಿಗಳಲ್ಲಿ ಸಿಕ್ಕ ಮೂರ್ತಿಗಳು, ವೀರಗಲ್ಲುಗಳು, ಅಕ್ಷರ ಸವೆದ ಶಾಸನಗಳು, ಒಂದು ಗಾಜಿನ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ಕತ್ತಿ. ಗುಮ್ಮಟದ ಗೋಡೆ ಎಷ್ಟು ದಪ್ಪವೆಂದರೆ ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ಒಳಗೆ ತಣ್ಣಗೆ, ಮಬ್ಬಾಗಿ ಇರುತ್ತಿತ್ತು. ಮೂಲೆಯಲ್ಲೊಂದು ಟ್ಯೂಬ್‌ಲೈಟು ಮನಸ್ಸಾದಾಗ ಹತ್ತುತ್ತಿತ್ತು. ಆ ಬೆಳಕಿನಲ್ಲಿ ಮುಖದ ಕಳೆ ಕಾಣುತ್ತದೆ, ಮೈಬಣ್ಣ ತಿಳಿಯುವುದಿಲ್ಲ. ಭೀಮಬಾಯಿಗೆ ಬೇಕಾಗಿದ್ದದ್ದು ಅಷ್ಟೇ.

"ಮಂದಿ ನಿನ್ನ ನೋಡ್ಲಾಕ ಬರ್ತಾರ, ಕಲ್ಲೂ ನೋಡ್ತಾರ," ಎಂದು ಮೊದಲ ಸಲ ಕರೆದುಕೊಂಡು ಹೋಗುವಾಗ ಅವಳು ಹೇಳಿದ್ದಳು. "ಮನಿಯಾಗ ಕುಂತ್ರ ನಿನ್ನ ಒಬ್ಬಾಕಿನ್ನೇ ನೋಡ್ತಾರ. ತಿಳೀತಿಲ್ಲೋ?"

ಶಿವಕಾಂತಮ್ಮನಿಗೆ ತಿಳಿದಿತ್ತು. ಒಳಗಿನ ಗೂಡಿನಲ್ಲಿ ನಿಲ್ಲಿಸಿದ ಒಂದು ತಲೆಯಿಲ್ಲದ ಮೂರ್ತಿಯ ಪಕ್ಕ ಅವಳು ನಿಲ್ಲಬೇಕು. ಎಡಗೈ ಸೆರಗಿನೊಳಗೆ. ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಮೌನ. ಗಂಡಿನವರು ಅವಳ ಹೆಸರು, ಓದು, ರೊಟ್ಟಿ ಬಡಿಯುತ್ತೀಯೇನು ಎಂದೆಲ್ಲ ಕೇಳಿ, ನಡೆದು ತೋರಿಸಲು ಹೇಳುತ್ತಿದ್ದರು. ಅವಳು ವೀರಗಲ್ಲಿನ ತನಕ ನಡೆದು ಹೋಗಿ ತಿರುಗಿ ಬರುತ್ತಿದ್ದಳು. ಆಮೇಲೆ ಹೊರಗೆ ಮರದ ನೆರಳಿನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಚಹಾ. ಆ ಹೊತ್ತಿಗೆ ಶಿವಕಾಂತಮ್ಮನಿಗೆ ತಲೆನೋವು ಬಂದಿದೆ ಎಂದು ದೊಡ್ಡವ್ವ ಹೇಳುವಳು. ಅವಳು ಒಳಗೇ ಉಳಿಯುವಳು.

ಹೀಗೆ ಒಳಗೆ ಉಳಿದಾಗಲೇ ಖುರ್ಷೀದ್ ಬೇಗಂ ಪರಿಚಯವಾದದ್ದು. ಮೋಮಿನಪುರದ ಹೆಂಗಸು, ಗುಮ್ಮಟ ಗುಡಿಸಿ, ಬಂದವರು ಮೂರ್ತಿ ಮುಟ್ಟದಂತೆ ಕಾಯುವುದು ಅವಳ ಕೆಲಸ. ಎರಡನೆಯ ಸಲ ಬಂದಾಗ ಅವಳು ಶಿವಕಾಂತಮ್ಮನ ಗುರುತು ಹಿಡಿದಳು.

"ಈ ಸಲ ಯಾರು ಬೇಟಿ?"

"ಆಳಂದದವರಂತ್ರಿ."

"ಹೋದ ಸಲದವರು?"

"ಎತ್ತರ ಸಾಲಲ್ಲ ಅಂದ್ರಂತ."

ಖುರ್ಷೀದ್ ಬೇಗಂ ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಬೆವರಿಗೆ ಒದ್ದೆಯಾದ ತುಂಬು ತೋಳಿನ ಮೇಲೆ ಅವಳ ಕಣ್ಣು ಒಂದು ಗಳಿಗೆ ನಿಂತಿತು. "ಕಿಟಕಿ ಬಾಜೂಕ ಕೂಡು, ಗಾಳಿ ಬರ್ತದ," ಎಂದು ತನ್ನ ಮಣೆಯನ್ನು ಅತ್ತ ಸರಿಸಿದಳು.

ಆಳಂದದವರು ಒಪ್ಪಲಿಲ್ಲ. ಮುಂದೆ ಬಂದವರಿಗೆ ಜಾತಕ ಕೂಡಲಿಲ್ಲ. ಇನ್ನೊಬ್ಬರು ಒಪ್ಪಿ, ಆಮೇಲೆ ಯಾಕೋ ಸುಮ್ಮನಾದರು. ಸಂಬಂಧ ಮುರಿದಾಗಲೆಲ್ಲ ಮನೆಯಲ್ಲಿ ಶೋಕ. ಶಿವಕಾಂತಮ್ಮನಿಗೆ ಮಾತ್ರ ಒಳಗೊಳಗೇ ಒಂದು ಬಿಡುಗಡೆ. ಒಪ್ಪಿಬಿಟ್ಟರೆ ಏನು ಗತಿ ಎಂಬ ಹೆದರಿಕೆ ಅವಳದು. ಮದುವೆಯಾದ ಮೊದಲ ರಾತ್ರಿಯೇ ಗಂಡನಾದವನು ಕೈ ನೋಡುತ್ತಾನೆ. ಮರುದಿನ ಬೆಳಿಗ್ಗೆ ಗಂಟುಮೂಟೆ ಸಮೇತ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಹೋಗುತ್ತಾರೆ. ಈ ಚಿತ್ರ ಅವಳ ಕಣ್ಣಿಗೆ ಎಷ್ಟು ಸಲ ಕಟ್ಟಿತ್ತೆಂದರೆ, ಇಳಿಸಿ ಹೋಗುವ ಮಾವ ಉಟ್ಟ ಧೋತರದ ಅಂಚು ಕೂಡ ಅವಳಿಗೆ ಗೊತ್ತಿತ್ತು.

ಎಂಬತ್ತೊಂಬತ್ತರ ಚಳಿಗಾಲದಲ್ಲಿ ಕಲಬುರಗಿಯ ಜಗತ್ ವೃತ್ತದ ಕಡೆಯ ಕಿರಾಣಿ ಅಂಗಡಿಯ ಶಂಕ್ರಮ್ಮ ತನ್ನ ಮಗ ಸೂಗಪ್ಪನನ್ನು ಕರೆದುಕೊಂಡು ಬಂದಳು. ಶಂಕ್ರಮ್ಮ ವಿಧವೆ. ಗಂಡ ಸತ್ತ ಮೇಲೆ ತಾನೇ ಗಲ್ಲಾದ ಮೇಲೆ ಕೂತು ಅಂಗಡಿ ನಡೆಸಿದ ಗಟ್ಟಿ ಹೆಂಗಸು. ಹಣೆಗೆ ಅಗಲವಾಗಿ ವಿಭೂತಿ, ಸೊಂಟದಲ್ಲಿ ಬೀಗದ ಕೈಗೊಂಚಲು. ಅವಳು ಹುಡುಗಿಯನ್ನು ಏನೂ ಕೇಳಲಿಲ್ಲ, ನಡೆಸಿ ನೋಡಲಿಲ್ಲ. ಸೂಗಪ್ಪ ಬಿಳಿ ಅಂಗಿ ತೊಟ್ಟ ತೆಳ್ಳನೆಯ ಆಳು. ಅವನು ಶಿವಕಾಂತಮ್ಮನನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದ. ಶಾಸನದ ಮುಂದೆ ಬಹಳ ಹೊತ್ತು ನಿಂತಿದ್ದ.

"ನಮಗ ಒಪ್ಪಿಗಿ ಅದ," ಎಂದಳು ಶಂಕ್ರಮ್ಮ ಅಲ್ಲೇ, ಗುಮ್ಮಟದೊಳಗೇ.

ಅಣವೀರಪ್ಪ ಆ ಸಂಜೆ ಊರಿಗೆ ಮರಳುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ. ಮಗಳು ಪಕ್ಕದಲ್ಲಿ ಕೂತು ತನ್ನ ಎಡಗೈ ತಾನೇ ಹಿಡಿದುಕೊಂಡಿದ್ದಳು.

ನಾಲ್ಕಾರು ದಿನ ಬಿಟ್ಟು, ಅಪ್ಪ ತೋಟದಲ್ಲಿ ಬಾಳೆಯ ಒಣ ಎಲೆ ಸವರುತ್ತಿದ್ದಾಗ ಅವಳು ಹತ್ತಿರ ಹೋಗಿ ನಿಂತಳು.

"ಯಪ್ಪಾ, ಅವರಿಗಿ ಹೇಳಿಬಿಡು."

"ಏನು ಹೇಳಬೇಕು?"

"ನನ್ನ ಕೈದು."

ಅಣವೀರಪ್ಪ ಕುಡಗೋಲು ನಿಲ್ಲಿಸಲಿಲ್ಲ. "ನಿನ್ನ ಹಿಂದ ಇನ್ನೊಂದು ಅದ," ಎಂದ. ಅವಳ ತಂಗಿಯ ಮಾತು. "ಒಂದು ಸಲ ಹೆಸರು ಹೊರಗ ಬಿತ್ತಂದ್ರ ಆಕಿನೂ ಮನಿಯಾಗೇ ಉಳೀತಾಳ. ನಿಮ್ಮ ದೊಡ್ಡವ್ವ ಎಲ್ಲಾ ನೋಡಿಕೋತಾಳ. ನೀ ಸುಮ್ಕಿರು."

ಅವಳು ಸುಮ್ಮನಿದ್ದಳು. ಆದರೆ ಬಳೆಯ ಅಳತೆ ಬೇಕು, ಹುಡುಗಿಯನ್ನು ಇನ್ನೊಮ್ಮೆ ಕರೆತನ್ನಿ ಎಂದು ಶಂಕ್ರಮ್ಮ ಹೇಳಿ ಕಳಿಸಿದಾಗ, ಇನ್ನು ಮುಚ್ಚಿಡಬಾರದೆಂದು ನಿಶ್ಚಯಿಸಿದಳು. ಭೀಮಬಾಯಿ ಜಾಣೆ. ಅಳತೆಗೆಂದು ಹಳೆಯ ಬಳೆಯೊಂದನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದಳು. ಅದೇ ಗುಮ್ಮಟ, ಅದೇ ಗೂಡು. ಶಂಕ್ರಮ್ಮ ಆ ಬಳೆ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಶಿವಕಾಂತಮ್ಮ ಮಾತಾಡಿದಳು.

"ಅಳತಿ ಕೈ ಮ್ಯಾಲೇ ತಗೋರಿ. ಹೊರಗ ಬರ್ರಿ, ಇಲ್ಲಿ ಕಾಣಂಗಿಲ್ಲ."

"ಹೊರಗ ಮಂದಿ ಅದಾರ," ಎಂದು ದೊಡ್ಡವ್ವ ಸೆರಗು ಹಿಡಿದು ಜಗ್ಗಿದಳು. ಸೆರಗು ಬಿಡಿಸಿಕೊಂಡು ಶಿವಕಾಂತಮ್ಮ ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ, ಬಿಸಿಲಿನಲ್ಲಿ ಹೋಗಿ ನಿಂತಳು. ಶಂಕ್ರಮ್ಮ ಹಿಂದೆ ಬಂದಳು. ಶಿವಕಾಂತಮ್ಮ ತೋಳಿನ ಗುಂಡಿ ಬಿಚ್ಚಿ ಮೊಣಕೈ ತನಕ ಮೇಲೆ ಮಡಚಿದಳು. ವರ್ಷಗಳಿಂದ ಬಿಸಿಲು ಕಾಣದ ಚರ್ಮ. ಅವಳಿಗೇ ಅದನ್ನು ನೋಡಲಾಗದೆ ದೂರದ ಗೇಟಿನ ಕಡೆ ನೋಡುತ್ತ ನಿಂತಳು. ಈಗ ಬಯ್ಯುತ್ತಾರೆ. ಇಲ್ಲವೆ ಮಾತಾಡದೆ ಹೋಗಿಬಿಡುತ್ತಾರೆ. ಎರಡರಲ್ಲಿ ಯಾವುದಾದರೂ ಆಗಲಿ.

ಶಂಕ್ರಮ್ಮ ಆ ಕೈಯನ್ನು ಹಿಡಿದು, ಅಂಗಡಿಗೆ ಬಂದ ಬೇಳೆ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ತಾನೇ ತೋಳು ಇಳಿಸಿ ಗುಂಡಿ ಹಾಕಿದಳು.

"ನಮಗ ಗೊತ್ತದ ತಂಗಿ. ಮೊದಲನೇ ದಿನಾನೇ ಭೀಮಬಾಯಿ ಹೇಳ್ಯಾರ. ಬಿಸಿಲಾಗ ಯಾಕ ನಿಂತಿ? ಒಳಗ ನಡಿ."

ಶಿವಕಾಂತಮ್ಮನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ತಾನೊಬ್ಬಳೇ ಹೊತ್ತು ತಿರುಗಿದ ಸುಳ್ಳು ಈ ಇಬ್ಬರು ಹೆಂಗಸರ ನಡುವೆ ಯಾವತ್ತೋ ಚೌಕಾಸಿಯಾಗಿ ಮುಗಿದಿತ್ತು. ನಡುಪೇಟೆಯಲ್ಲಿ ಅಂಗಡಿ, ಮಹಡಿ ಮನೆ, ಒಬ್ಬನೇ ಮಗ ಇರುವವರು ತಿಳಿದೂ ತಿಳಿದೂ ಯಾಕೆ ಒಪ್ಪಿದರು? ಹೋಗುವ ದಾರಿಯಲ್ಲಿ ದೊಡ್ಡವ್ವನನ್ನು ಕೇಳಿದಳು.

"ದೇವರಂಥಾ ಮಂದಿ ಇರ್ತಾರವ್ವ ಅಲ್ಲೊಬ್ಬರು ಇಲ್ಲೊಬ್ಬರು," ಎಂದಳು ಭೀಮಬಾಯಿ, ಆಟೋದವನ ಕಡೆ ಕೈ ಮಾಡುತ್ತ.

ಮದುವೆಯಾಗಿ ವಾರ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಸೂಗಪ್ಪ ಚಹಾದ ಬಟ್ಟಲು ಹಿಡಿದು ಕೂತಿದ್ದವನು ಇದ್ದಕ್ಕಿದ್ದಂತೆ ಕಣ್ಣು ಮೇಲೆ ಸಿಕ್ಕಿಸಿ ಪಕ್ಕಕ್ಕೆ ಉರುಳಿದ. ಕೈಕಾಲು ಸೆಟೆದು ಬಡಿಯತೊಡಗಿದವು, ಬಾಯಲ್ಲಿ ನೊರೆ. ಶಿವಕಾಂತಮ್ಮ ಕೂಗಿಕೊಂಡಳು. ಶಂಕ್ರಮ್ಮ ಕೆಳಗಿನಿಂದ ಬಂದವಳು ಮೊದಲು ಮಾಡಿದ ಕೆಲಸವೆಂದರೆ ರಸ್ತೆ ಕಡೆಯ ಕಿಟಕಿ ಮುಚ್ಚಿದ್ದು. ಆಮೇಲೆ ಸೊಂಟದ ಬೀಗದ ಕೈಗೊಂಚಲು ಬಿಚ್ಚಿ ಮಗನ ಮುಷ್ಟಿಯಲ್ಲಿ ತುರುಕಿ, ಪಕ್ಕದಲ್ಲಿ ಕೂತಳು. ಬಡಿತ ನಿಂತು ಅವನು ನಿದ್ದೆಗೆ ಜಾರಿದ ಮೇಲೆ ಸೊಸೆಯ ಕಡೆ ತಿರುಗಿದಳು.

"ಸಣ್ಣಾಂವ ಇದ್ದಾಗಿಂದ ಅದ. ಗುಳಿಗಿ ತಗೋತಾನ. ನಿಂದು ನಾವು ಯಾರಿಗೂ ಹೇಳಿಲ್ಲ. ನಮ್ಮದು ನೀ ಹೇಳಬ್ಯಾಡ."

ಅಲ್ಲಿಗೆ ಶಿವಕಾಂತಮ್ಮನಿಗೆ ಎಲ್ಲ ತಿಳಿಯಿತು.

ಆ ಮನೆಯ ಕಟ್ಟಡವೇ ಹಾಗಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯ ಮೆಟ್ಟಿಲು ಇಳಿದರೆ ಅಂಗಡಿಯೊಳಗೇ, ಗಲ್ಲಾದ ಪಕ್ಕಕ್ಕೇ ಇಳಿಯಬೇಕು. ಶಂಕ್ರಮ್ಮನ ಕಣ್ಣು ತಪ್ಪಿಸಿ ಯಾರೂ ಹೊರಗೆ ಹೋಗುವ ಹಾಗಿಲ್ಲ, ಒಳಗೆ ಬರುವ ಹಾಗಿಲ್ಲ. ಗಿರಾಕಿಗಳ ಮುಂದೆ ಬಿದ್ದರೆ ಮರ್ಯಾದೆ ಹೋಗುತ್ತದೆಂದು ಮಗನನ್ನು ಅವಳು ಅಂಗಡಿಯಲ್ಲಿ ಕೂರಿಸುತ್ತಿರಲಿಲ್ಲ. ಅವನು ಮೇಲೆಯೇ ಕೂತು ಪೇಪರು ಓದುತ್ತಿದ್ದ, ರೇಡಿಯೋ ಕೇಳುತ್ತಿದ್ದ. ಬೀದಿಯವರು ಅವನನ್ನು ಸೋಮಾರಿ ಅಂದುಕೊಂಡಿದ್ದರು. ಸೊಸೆಯನ್ನಂತೂ ನೀರಿಗೂ ಕೆಳಗೆ ಬಿಡುತ್ತಿರಲಿಲ್ಲ. ಯಾರಾದರೂ ನೆಂಟರು ಬಂದರೆ ಶಿವಕಾಂತಮ್ಮ ಸೆರಗು ತಲೆ ತುಂಬ ಹೊದ್ದು, ಚಹಾ ಕೊಟ್ಟು, ಅಡುಗೆಮನೆ ಸೇರಬೇಕು. ಮೇಲಿನ ಕಿಟಕಿಯಿಂದ ಜಗತ್ ಕಡೆ ಹೋಗುವ ರಿಕ್ಷಾಗಳು, ಸೈಕಲ್ಲುಗಳು, ಮದುವೆ ಮೆರವಣಿಗೆಗಳು ಕಾಣುತ್ತಿದ್ದವು. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದರು.

ಶಂಕ್ರಮ್ಮ ಹೊಡೆದವಳಲ್ಲ, ಉಪವಾಸ ಕೆಡವಿದವಳಲ್ಲ. ಅವಳ ಬಳಿ ಒಂದು ಮಾತಿತ್ತು. ರೊಟ್ಟಿ ಕರಿಕಾದರೂ ಅದೇ ಮಾತು, ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾದರೂ ಅದೇ ಮಾತು. "ಇರ್ಲಿ, ತಿಳಿದೇ ತಂದೀವಿ." ಆ ಮಾತಿಗೆ ಎದುರು ಆಡುವಂಥದ್ದು ಏನೂ ಇರಲಿಲ್ಲ.

ಪಂಚಮಿಗೆ ತವರಿಗೆ ಹೋದಾಗ ಅಪ್ಪನ ಮುಂದೆ ಎಲ್ಲ ಹೇಳಿಬಿಟ್ಟಳು. ಅಣವೀರಪ್ಪನಿಗೆ ಗೊತ್ತಿರಲಿಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಹೋಗಿ ಕಟ್ಟೆಯ ಮೇಲೆ ಕೂತ.

"ಭೀಮಬಾಯಿ ನನಗೂ ಮುಚ್ಚಿಟ್ಟಾಳ," ಎಂದ. "ಆದ್ರ ಈಗ ಏನು ಮಾಡೂದು ಅದ ಹೇಳು. ನಿನ್ನ ತಂಗೀದು ಮಾತುಕತಿ ನಡೆದದ. ನೀ ಬಂದು ಮನಿಯಾಗ ಕುಂತ್ರ ಮಂದಿ ಯಾಕ ಅಂತ ಕೇಳ್ತಾರ. ಹುಡುಗ ಕೆಟ್ಟಾಂವ ಏನು?"

"ಕೆಟ್ಟಾಂವ ಅಲ್ಲ."

"ಮತ್ತ?"

ಮೂರನೆಯ ದಿನ ಅಪ್ಪ ಕೆಂಪು ಬಾಳೆಯ ದೊಡ್ಡ ಚಿಪ್ಪೊಂದನ್ನು ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿಟ್ಟು, ಅವಳನ್ನು ತಾನೇ ಜಗತ್ ಕಡೆಯ ಅಂಗಡಿಯ ತನಕ ಬಿಟ್ಟುಬಂದ. ಗಲ್ಲಾದ ಪಕ್ಕ ನಿಂತು ಶಂಕ್ರಮ್ಮನಿಗೆ ಕೈ ಮುಗಿದ.

ಸೂಗಪ್ಪ ಕೆಟ್ಟವನಲ್ಲ ಎಂದು ಅವಳು ಹೇಳಿದ್ದು ನಿಜ. ಆದರೆ ಅವನು ಯಾರು ಎಂದು ತಿಳಿದದ್ದು ಆಮೇಲೆ, ಅದೇ ಮ್ಯೂಸಿಯಂನಲ್ಲಿ. ತಿಂಗಳಿಗೊಮ್ಮೆ ಅವನಿಗೆ ಸೇಡಂ ರಸ್ತೆಯ ಡಾಕ್ಟರ ಹತ್ತಿರ ಹೋಗಿ ಗುಳಿಗೆ ಬರೆಸಿಕೊಳ್ಳುವುದಿತ್ತು. ಒಬ್ಬನನ್ನೇ ಕಳಿಸಲು ಶಂಕ್ರಮ್ಮನಿಗೆ ಧೈರ್ಯವಿಲ್ಲ, ಅಂಗಡಿ ಬಿಟ್ಟು ಹೋಗಲು ಮನಸ್ಸಿಲ್ಲ. ಹಾಗಾಗಿ ಸೊಸೆ ಜೊತೆಗೆ ಹೋಗುತ್ತಿದ್ದಳು. ಡಾಕ್ಟರು ತಡವಾಗಿ ಬರುವವರು. ಕಾಯುವ ಹೊತ್ತಿನಲ್ಲಿ ಒಮ್ಮೆ ಸೂಗಪ್ಪನೇ, ಪಾರ್ಕಿಗೆ ಹೋಗೋಣವೇ ಎಂದು ಕೇಳಿದ. ಅಲ್ಲಿಂದ ಅದೊಂದು ಪದ್ಧತಿಯಾಯಿತು. ಖುರ್ಷೀದ್ ಬೇಗಂ ಇಬ್ಬರನ್ನೂ ಕಂಡು ಹಲ್ಲು ತೋರಿಸಿ ನಕ್ಕಳು, ಕೂರಲು ಹೇಳಿದಳು.

"ಅವತ್ತು ನೀ ಇಲ್ಲೇ ನಿಂತಿದ್ದಿ," ಎಂದ ಸೂಗಪ್ಪ ಒಂದು ದಿನ.

"ನೀವು ನನ್ನ ನೋಡಲೇ ಇಲ್ಲಲ್ರೀ."

"ಅಂಜಿಕಿ ಬಂದಿತ್ತು. ನಡುವ ಬಿದ್ದುಗಿದ್ದೀನಂತ. ಅದಕ್ಕೇ ಆ ಕಲ್ಲಿನ ಅಕ್ಷರ ಓದ್ಕೋತ ನಿಂತಿದ್ದೆ. ಒಂದೂ ತಿಳೀಲಿಲ್ಲ. ನಂದು ನಿನಗ ಹೇಳ್ಯಾರಂತ ತಿಳಿದಿದ್ದೆ. ಎಲ್ಲಾ ತಿಳಿದೂ ಒಪ್ಪಿಕೊಂಡಾಳಲ್ಲ ಅಂತ ನಿನ್ನ ಮ್ಯಾಲೆ ಭಾಳ ಗೌರವ ಇತ್ತು."

"ಈಗ?"

"ಈಗ ಪಾಪ ಅನಸ್ತದ."

ಮದುವೆಯಾದ ಮೇಲೆ ಅವಳು ಅತ್ತದ್ದು ಆವತ್ತೇ ಮೊದಲು. ಅವನು ಪಕ್ಕದಲ್ಲೇ ಕೂತಿದ್ದ. ಆಚೆ ಯಾರೋ ಹುಡುಗರು ಕತ್ತಿಯ ಗಾಜು ಬಡಿಯುತ್ತಿದ್ದರು, ಖುರ್ಷೀದ್ ಬೇಗಂ ಅವರನ್ನು ಗದರುತ್ತಿದ್ದಳು. ಆಮೇಲೆ ಇಬ್ಬರೂ ಹೋಗಿ ಗುಳಿಗೆ ಬರೆಸಿಕೊಂಡು, ಆಟೋ ಹಿಡಿದು, ಗಲ್ಲಾದ ಪಕ್ಕದಿಂದ ಮೆಟ್ಟಿಲು ಹತ್ತಿದರು.

ವರ್ಷಗಳು ಹೀಗೆ ಹೋದವು. ಮಕ್ಕಳಾಗಲಿಲ್ಲ. ಆಗದಿದ್ದದ್ದೇ ವಾಸಿ ಎಂಬಂತೆ ಶಂಕ್ರಮ್ಮ ಆ ವಿಷಯ ಎತ್ತಲಿಲ್ಲ. ಕಲೆ ಎಡಗೈಯಿಂದ ಬಲಗೈಗೆ, ಕತ್ತಿನ ಹಿಂಬದಿಗೆ ಹರಡಿತು.

ತೊಂಬತ್ತೈದರಲ್ಲಿ, ರಂಜಾನ್ ಹಬ್ಬದ ಮರುದಿನ ಇರಬೇಕು, ಉದ್ಯಾನದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಗುಮ್ಮಟದೊಳಗೂ ಗದ್ದಲ. ಸೂಗಪ್ಪನಿಗೆ ಗದ್ದಲ ಆಗುವುದಿಲ್ಲ. ಹೊರಗೆ ಹೋಗೋಣ ಎಂದು ಶಿವಕಾಂತಮ್ಮ ಹೇಳುವಷ್ಟರಲ್ಲಿ ಅವನು ವೀರಗಲ್ಲಿಗೆ ತಲೆ ಬಡಿದುಕೊಂಡು ಬಿದ್ದ. ಜನ ಗೋಡೆ ಕಟ್ಟಿದಂತೆ ಸುತ್ತ ನಿಂತರು. ಒಬ್ಬರು ಈರುಳ್ಳಿ ಮೂಸಿಸಿರಿ ಅಂದರು, ಒಬ್ಬರು ಚಪ್ಪಲಿ ಬಿಚ್ಚಿದರು, ಒಬ್ಬರು ಬೀಗದ ಕೈ ಚಾಚಿದರು. ಶಿವಕಾಂತಮ್ಮ ನೆಲದ ಮೇಲೆ ಕೂತು ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಣೆ ಒಡೆದು ರಕ್ತ ಬರುತ್ತಿತ್ತು. ತೋಳು ರಕ್ತದಲ್ಲಿ, ನೊರೆಯಲ್ಲಿ ತೋಯುತ್ತಿತ್ತು. ಅವಳು ಗುಂಡಿ ಕಿತ್ತು ಎರಡೂ ತೋಳುಗಳನ್ನು ಮೇಲೆ ಸರಿಸಿ, ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಿಡಿದಳು.

"ಏನೂ ಬ್ಯಾಡ್ರಿ. ಎಲ್ಲಾರೂ ಹಿಂದ ಸರೀರಿ. ಗಾಳಿ ಬಿಡ್ರಿ."

"ಚಲೋ, ಚಲೋ, ಬಾಹರ್," ಎಂದು ಖುರ್ಷೀದ್ ಬೇಗಂ ಕಸಬರಿಗೆ ಅಡ್ಡ ಹಿಡಿದು ಜನರನ್ನು ಬಾಗಿಲ ಕಡೆ ತಳ್ಳಿದಳು. ತನ್ನ ಓಢಣಿ ಮಡಚಿ ಸೂಗಪ್ಪನ ತಲೆಯ ಕೆಳಗೆ ಕೊಟ್ಟಳು. ಹಿಂದೆ ಸರಿದವರೆಲ್ಲ ಈಗ ಅವನನ್ನು ಬಿಟ್ಟು ಶಿವಕಾಂತಮ್ಮನ ಕೈಗಳನ್ನು ನೋಡುತ್ತಿದ್ದರು. ಆ ಗುಂಪಿನಲ್ಲಿ ಅಂಗಡಿಯ ಎದುರಿನ ಬಟ್ಟೆ ವ್ಯಾಪಾರಿಯ ಹೆಂಡತಿ ಇದ್ದಳು. ಶಿವಕಾಂತಮ್ಮ ಅವಳನ್ನು ಕಿಟಕಿಯಿಂದ ದಿನವೂ ನೋಡಿದ್ದಳು. ಅವಳು ಶಿವಕಾಂತಮ್ಮನನ್ನು ಸರಿಯಾಗಿ ನೋಡಿದ್ದು ಇವತ್ತೇ.

ಎಚ್ಚರವಾದ ಮೇಲೆ ಸೂಗಪ್ಪನನ್ನು ಹೊರಗೆ ಹುಲ್ಲಿನ ಮೇಲೆ ಕೂರಿಸಿದರು. ಅವನಿಗೆ ಮಾತು ನಿಧಾನವಾಗಿ ಬಂತು.

"ಎಲ್ಲಾರೂ ನೋಡಿದ್ರ?"

"ನೋಡಿದ್ರು."

"ನಿನ್ನ ಕೈನೂ?"

"ಕೈನೂ."

ತೋಳು ಇಳಿಸಲು ಗುಂಡಿ ಉಳಿದಿರಲಿಲ್ಲ. ಒಂದು ಗಳಿಗೆ ಅವಳಿಗೆ ಎದೆಯ ಮೇಲಿನ ಭಾರ ಇಳಿದಂತೆನಿಸಿತು. ಆಟೋ ಜಗತ್ ವೃತ್ತ ತಿರುಗುವ ಹೊತ್ತಿಗೆ ಅದು ಮತ್ತೆ ಬಂದು ಕೂತಿತ್ತು.

ಸುದ್ದಿ ಅವರಿಗಿಂತ ಮೊದಲು ಅಂಗಡಿ ಮುಟ್ಟಿತ್ತು. ಗಿರಾಕಿಗಳ ಮುಂದೆ ಶಂಕ್ರಮ್ಮ ಮಗನ ಹಣೆಯ ಪಟ್ಟಿ ನೋಡಿ, ಮೇಲೆ ಹೋಗಿ ಎಂದು ಕಣ್ಣಲ್ಲೇ ಹೇಳಿದಳು. ಅವರು ಹತ್ತಿದ ಮೇಲೆ ಮೆಟ್ಟಿಲ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದ ಸಪ್ಪಳವಾಯಿತು.

ಅಂದಿನಿಂದ ಡಾಕ್ಟರ ಕಂಪೌಂಡರನೇ ಮನೆಗೆ ಬಂದು ಗುಳಿಗೆ ಕೊಟ್ಟು ಹೋಗತೊಡಗಿದ. ಕಾಯಿಪಲ್ಲೆ, ಹಾಲು, ಎಲ್ಲ ಮೆಟ್ಟಿಲ ತಲೆಗೆ ಬಂದು ಬೀಳುತ್ತಿತ್ತು. ಆ ಬೇಸಿಗೆ, ಆ ಮಳೆಗಾಲ ಇಬ್ಬರೂ ಕೆಳಗೆ ಇಳಿಯಲಿಲ್ಲ. ದಸರೆಯ ಬನ್ನಿ ಕೊಡಲು ಬಂದವರೂ ಕೆಳಗಿನಿಂದಲೇ ಹೋದರು. ಸೂಗಪ್ಪ ರೇಡಿಯೋ ಹಾಕುವುದನ್ನೂ ಬಿಟ್ಟ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಶಿವಕಾಂತಮ್ಮ ಒಂದು ಮಧ್ಯಾಹ್ನ ಅತ್ತೆಗೆ ಊಟ ಬಡಿಸುತ್ತ ಕೇಳಿದಳು.

"ಅತ್ತಿ, ಊರಿಗೆಲ್ಲ ಗೊತ್ತಾಗ್ಯಾದ. ಇನ್ನ ಯಾರಿಗಿ ಮುಚ್ಚಿಡ್ಲಾಕತ್ತೀರಿ?"

ಶಂಕ್ರಮ್ಮ ರೊಟ್ಟಿ ಮುರಿದು ಬಾಯಿಗಿಟ್ಟಳು. ಅಗಿದು ನುಂಗಿದಳು. "ಗೊತ್ತಾಗೂದು ಬ್ಯಾರೆ," ಎಂದಳು. "ದಿನಾ ಕಣ್ಣಿಗಿ ಕಾಣೂದು ಬ್ಯಾರೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳೂ ದಣಿದಿದ್ದಳು. ಮಗನಿಗೆ ಐದು ವರ್ಷವಿದ್ದಾಗ ಮೊದಲ ಸಲ ಕಿಟಕಿ ಮುಚ್ಚಿದವಳು, ಅದನ್ನು ತೆಗೆಯುವುದು ಹೇಗೆಂದು ಅವಳಿಗೂ ತಿಳಿಯದು.

ತೆಗೆದದ್ದು ಸೂಗಪ್ಪ. ಒಂದು ಬೆಳಿಗ್ಗೆ ಹಮಾಲರು ಬೆಲ್ಲದ ಪೆಂಟೆಗಳನ್ನು ಮೇಲಿನ ಅಟ್ಟಕ್ಕೆ ಹೊತ್ತು ತರಲೆಂದು ಬಾಗಿಲು ತೆರೆದಿತ್ತು. ಅವನು ಎದ್ದು ಅಂಗಿ ತೊಟ್ಟು, ಹಮಾಲರ ನಡುವೆಯೇ ಇಳಿದು ಹೋಗಿ, ಗಲ್ಲಾದ ಪಕ್ಕ ಅಕ್ಕಿಯ ಚೀಲದ ಮೇಲೆ ಕೂತ. ಶಂಕ್ರಮ್ಮ ನೋಡಿದಳು. ಎದುರಿಗೆ ಗಿರಾಕಿಗಳಿದ್ದರು. "ಕೊಡು ಇಲ್ಲಿ," ಎಂದು ಅವನು ಅವ್ವನ ಕೈಯಿಂದ ಸಕ್ಕರೆಯ ಪೊಟ್ಟಣ ತೆಗೆದುಕೊಂಡು ದಾರ ಸುತ್ತತೊಡಗಿದ. ಮರುದಿನವೂ ಇಳಿದ. ಕೆಲವರು ಎದುರಂಗಡಿಗೆ ಹೋಗತೊಡಗಿದರು, ಕೆಲವರು ಬಂದು ಅವನ ಹಣೆಯ ಗಾಯ ಕೇಳಿದರು. ಎರಡು ಸಲ ಅಂಗಡಿಯಲ್ಲೇ ಬಿದ್ದ. ಮೂರನೆಯ ಸಲದ ಹೊತ್ತಿಗೆ ಹಮಾಲರಿಗೆ ಏನು ಮಾಡಬೇಕೆಂದು ಗೊತ್ತಿತ್ತು.

ಶಿವಕಾಂತಮ್ಮನ ಪಾಲಿಗೆ ಬಾಗಿಲು ಹಾಗೆ ತೆರೆಯಲಿಲ್ಲ. ಬೀಗ ಹೋಯಿತು. ಆದರೆ ಅವಳು ಕೆಳಗೆ ಬಂದ ದಿನ, ಕಾಳು ಅಳೆಯಲು ಕೈ ಚಾಚಿದಾಗ ಹೆಂಗಸೊಬ್ಬಳು, "ನೀವು ಬ್ಯಾಡ್ರಿ, ಅವರು ಕೊಡ್ಲಿ," ಅಂದಳು. ಮೆಲ್ಲಗೇ ಅಂದಳು, ಬೇರೆಯವರಿಗೆ ಕೇಳಿಸದ ಹಾಗೆ. ಶಿವಕಾಂತಮ್ಮ ಸೇರು ಕೆಳಗಿಟ್ಟು ಮೇಲೆ ಹೋದಳು. ಮತ್ತೆ ಎಷ್ಟೋ ತಿಂಗಳು ಇಳಿಯಲಿಲ್ಲ. ಯಾರೂ ಕೂಡಿಹಾಕಿರಲಿಲ್ಲ, ಅದಕ್ಕೇ ಅದು ಹಿಂದಿನದಕ್ಕಿಂತ ಕಷ್ಟವಾಗಿತ್ತು.

ಎರಡು ಸಾವಿರದ ಇಸವಿಯಲ್ಲಿ ಅಣವೀರ‍ಪ್ಪ ತೀರಿಕೊಂಡ. ಅಷ್ಟರಲ್ಲಿ ಬಿಳುಪು ಅವಳ ತುಟಿಯ ಸುತ್ತ, ಕಣ್ಣಿನ ಕೆಳಗೆ ಬಂದಿತ್ತು. ತೋಳಿನಿಂದ ಮುಚ್ಚುವಂಥದ್ದು ಏನೂ ಉಳಿದಿರಲಿಲ್ಲ. ಗಂಡ ಹೆಂಡತಿ ಕಮಲಾಪುರಕ್ಕೆ ಹೋದರು. ಗಿಡ್ಡ ತೋಳಿನ ಕುಪ್ಪಸದಲ್ಲಿ ಅವಳು ಅಪ್ಪನ ಕಾಲ ಬಳಿ ಕೂತಾಗ ಊರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ತಂಗಿ ಅವಳನ್ನು ಹಿತ್ತಲಿಗೆ ಕರೆದಳು.

"ಅಕ್ಕಾ, ಸಿಟ್ಟು ಮಾಡಬ್ಯಾಡ. ನಮ್ಮ ಅತ್ತಿಯವರು ಸಂಜಿಗಿ ಬರ್ತಾರ. ಅವರಿಗಿ ಯಾವಾಗೂ ಹೇಳಿಲ್ಲ. ನನಗೂ ಮಗಳು ಅದಾಳ."

"ನಾ ಯಾರಂತ ಹೇಳ್ತೀ?"

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಿವಕಾಂತಮ್ಮ ಅವಳ ತಲೆ ಸವರಿ, ಒಳಗೆ ಹೋಗಿ ತನ್ನ ಚೀಲ ತೆಗೆದುಕೊಂಡಳು. ಸೂಗಪ್ಪ ಎದ್ದು ಹಿಂದೆ ಬಂದ. ಸಂಜೆಯ ಬಸ್ಸಿನಲ್ಲಿ ಅವಳ ಪಕ್ಕ ಕೂತ ಹೆಂಗಸು ಮಗುವನ್ನು ಎತ್ತಿಕೊಂಡು ಬೇರೆ ಸೀಟಿಗೆ ಹೋದಳು. ನಿಂತಿದ್ದ ಸೂಗಪ್ಪ ಬಂದು ಆ ಜಾಗದಲ್ಲಿ ಕೂತ.

ಅಂಗಡಿಯಲ್ಲಿ ಶಂಕ್ರಮ್ಮ ಗಲ್ಲಾದ ಮೇಲೆ ತೂಕಡಿಸುತ್ತಿದ್ದಳು. ಅವಳಿಗೆ ಈಗ ಕಣ್ಣು ಮಂಜು. ಸೊಸೆ ಪಕ್ಕದಿಂದ ಹಾದು ಮೆಟ್ಟಿಲು ಹತ್ತಿದಳು, ಸ್ನಾನ ಮಾಡಿ ಒಲೆ ಹೊತ್ತಿಸಿ ಚಹಾಕ್ಕೆ ನೀರಿಟ್ಟಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸೂಗಪ್ಪನ ದನಿ ಬಂತು.

"ಚಹಾ ಕೆಳಗ ತಗೊಂಡು ಬಾ. ಇಲ್ಲೇ ಕೂಡಿ ಕುಡಿಯೋಣ."

ಅವಳು ಬಹಳ ಹೊತ್ತು ಮೆಟ್ಟಿಲ ತಲೆಯಲ್ಲಿ ನಿಂತಿದ್ದಳು. ಆಮೇಲೆ ಮೂರು ಬಟ್ಟಲು ಹಿಡಿದು ಇಳಿದಳು. ಅತ್ತೆಗೊಂದು, ಗಂಡನಿಗೊಂದು ಕೊಟ್ಟು ತನ್ನದನ್ನು ಹಿಡಿದು ಕೊನೆಯ ಮೆಟ್ಟಿಲ ಮೇಲೆ ಕೂತಳು. ಗಿರಾಕಿ ಬಂದರು, ಎಣ್ಣೆ ಕೇಳಿದರು, ಅವಳನ್ನು ನೋಡಿದರು. ಅವಳು ಏಳಲಿಲ್ಲ. ಚಹಾ ಆರುವವರೆಗೆ ಅಲ್ಲೇ ಕೂತಿದ್ದು, ಆರಿದ ಮೇಲೆ ಕುಡಿದು, ಬಟ್ಟಲು ತೆಗೆದುಕೊಂಡು ಮೇಲೆ ಹೋದಳು.